ಬೋಧನೆಯ ಪರವಾನಗಿ ಮತ್ತು ಬೋಧಕನ ಸ್ವಾತಂತ್ರ್ಯ: ಪ್ಯಾರಿಸ್ಸಿನಿಂದ ರಾಮನಗರ ಸೀಮೆಯವರೆಗೆ

ಶೈಕ್ಷಣಿಕ ಸ್ವಾತಂತ್ರ್ಯದ ಚರ್ಚೆ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಮಹಾನಗರಗಳ ಪ್ರಸಿದ್ಧ ವಿಶ್ವವಿದ್ಯಾನಿಲಯಗಳನ್ನು ಕುರಿತು ನಡೆಯುತ್ತದೆ. ದೆಹಲಿಯ ಪ್ರಾಧ್ಯಾಪಕರೊಬ್ಬರು ರಾಜೀನಾಮೆಯಿತ್ತರೆ ಸಂಪಾದಕೀಯಗಳು ಬರುತ್ತವೆ. ಮಾಗಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು ಒಂದು ಅಧ್ಯಾಯವನ್ನು ಮೆಲ್ಲನೆ ದಾಟಿ ಮುಂದೆ ಹೋದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಬಹುಕಾಲ ವಿಶ್ವವಿದ್ಯಾನಿಲಯದ ನೆಲೆಯಾಗಿರದೆ ಅದರ ಅಂಚಾಗಿಯೇ ಉಳಿದವು. ಇವು ಹಿಂದೆ ಬೆಂಗಳೂರು ಜಿಲ್ಲೆಗೆ ಸೇರಿದ್ದವು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಹೆಸರುಗಳು ಬದಲಾದರೂ ಇಲ್ಲಿಯ ಪದವಿ ಕಾಲೇಜುಗಳ ಪಾಠಪಟ್ಟಿ, ಪ್ರಶ್ನೆಪತ್ರಿಕೆ, ಮೌಲ್ಯಮಾಪನಗಳು ನಿರ್ಧಾರವಾಗುವ ಸ್ಥಳ ಬೇರೆಯೇ ಆಗಿದ್ದಿತು. ಸ್ವಾತಂತ್ರ್ಯವೆಂಬುದು ನಿಜವಾಗಿ ಇದೆಯೋ ಇಲ್ಲವೋ ಎಂಬುದನ್ನು ಅಳೆಯಲು ಇಂತಹ ಅಂಚೇ ತಕ್ಕ ಸ್ಥಳವೆಂದು ನಾವು ಭಾವಿಸುತ್ತೇವೆ. ಆ ಅಳತೆಗೆ ಬೇಕಾದ ಕೋಲು ನಮ್ಮ ಧರ್ಮಸಭೆಯ ಇತಿಹಾಸದಲ್ಲಿಯೇ ಇದೆ. ಆದುದರಿಂದ ಮೊದಲು ಅಲ್ಲಿಂದ ಹೊರಡೋಣ.

ಗುರುಮಠಗಳಲ್ಲಿ ಬೋಧಿಸುವ ನಮ್ಮಲ್ಲಿ ಹಲವರು ಲೈಸೆನ್ಶಿಯೇಟ್ ಪದವಿ ಪಡೆದವರು. ಆ ಹೆಸರಿನ ಮೂಲಾರ್ಥ ಬೋಧಿಸಲು ಕೊಟ್ಟ ಪರವಾನಗಿ. ಹನ್ನೆರಡನೆಯ ಶತಮಾನದಲ್ಲಿ ಈ ಪರವಾನಗಿಯನ್ನು ಕೊಡುವ ಅಧಿಕಾರ ಪ್ರಧಾನಾಲಯದ ಅಧಿಕಾರಿಯ ಕೈಯಲ್ಲಿತ್ತು, ಮತ್ತು ಅದು ಮಾರಾಟದ ಸರಕಾಗಿತ್ತು. 1179ರ ಮೂರನೆಯ ಲಾತೆರಾನ್ ಮಹಾಸಭೆ ಈ ರೋಗಕ್ಕೆ ಕೈಹಾಕಿತು: ಪರವಾನಗಿಗೆ ಹಣ ಕೇಳಕೂಡದು, ಯೋಗ್ಯನಾದವನಿಗೆ ಅದನ್ನು ನಿರಾಕರಿಸಕೂಡದು. ಅದೇ ವಿಧಿಯಲ್ಲಿ ಇನ್ನೊಂದು ಅಂಶವಿದೆ, ಅದನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ಪ್ರತಿಯೊಂದು ಪ್ರಧಾನಾಲಯದಲ್ಲಿಯೂ ಯಾಜಕವರ್ಗದವರಿಗೂ ಬಡ ವಿದ್ಯಾರ್ಥಿಗಳಿಗೂ ಶುಲ್ಕವಿಲ್ಲದೆ ಕಲಿಸುವ ಒಬ್ಬ ಬೋಧಕನಿರಬೇಕು, ಅವನ ಜೀವನೋಪಾಯಕ್ಕೆ ಸ್ಥಿರವಾದ ಆದಾಯವನ್ನು ಗೊತ್ತುಪಡಿಸಬೇಕು ಎಂದು ಮಹಾಸಭೆ ವಿಧಿಸಿತು. ಬೋಧಕನ ಹೊಟ್ಟೆಪಾಡಿಗೂ ಅವನ ಮಾತಿನ ನಿರ್ಭೀತಿಗೂ ಸಂಬಂಧವಿದೆಯೆಂಬುದು ಆ ಪಿತೃಗಳಿಗೆ ತಿಳಿದಿತ್ತು.

ಐವತ್ತು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ನಡೆದ ಪ್ರಸಂಗ ಇನ್ನೂ ಮುಖ್ಯವಾದದ್ದು. 1229ರಲ್ಲಿ, ತಪಸ್ಸುಕಾಲಕ್ಕೆ ಮುಂಚಿನ ಉತ್ಸವದ ದಿನಗಳಲ್ಲಿ, ದ್ರಾಕ್ಷಾರಸದ ಅಂಗಡಿಯೊಂದರ ಲೆಕ್ಕದ ವಿಷಯದಲ್ಲಿ ಜಗಳವೆದ್ದಿತು. ಅದು ಬೆಳೆದು ನಗರದ ಕಾವಲುಪಡೆಯವರು ಕೆಲವು ವಿದ್ಯಾರ್ಥಿಗಳನ್ನು ಕೊಂದುಹಾಕಿದರು. ನ್ಯಾಯ ದೊರೆಯದಿದ್ದಾಗ ಬೋಧಕರು ಪಾಠಗಳನ್ನು ನಿಲ್ಲಿಸಿ ನಗರವನ್ನೇ ಬಿಟ್ಟುಹೋದರು. ಕೆಲವರು ಇಂಗ್ಲೆಂಡಿಗೆ, ಕೆಲವರು ತುಲೂಸ್ ಮತ್ತು ಆಂಜೆ ನಗರಗಳಿಗೆ. ಎರಡು ವರ್ಷ ವಿಶ್ವವಿದ್ಯಾನಿಲಯ ಹೆಚ್ಚುಕಡಿಮೆ ಬರಿದಾಗಿತ್ತು. ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು 1231ರ ಏಪ್ರಿಲ್ 13ರಂದು ಹೊರಡಿಸಿದ ಶಾಸನಪತ್ರವು ಈ ಬಿಕ್ಕಟ್ಟನ್ನು ಬಗೆಹರಿಸಿತು. ಬೋಧಕರು ತಮ್ಮ ಪಾಠಗಳ ಕ್ರಮ, ವೇಳೆ, ವಿದ್ಯಾರ್ಥಿಗಳ ಬಾಡಿಗೆ ಮೊದಲಾದವುಗಳ ಬಗೆಗೆ ತಾವೇ ನಿಯಮ ಮಾಡಿಕೊಳ್ಳಬಹುದು. ತಮಗೆ ಅನ್ಯಾಯವಾಗಿ ಅದಕ್ಕೆ ಹದಿನೈದು ದಿನಗಳೊಳಗೆ ಪರಿಹಾರ ಸಿಗದಿದ್ದರೆ ಪಾಠಗಳನ್ನು ನಿಲ್ಲಿಸಬಹುದು. ಬೋಧಕರ ಮುಷ್ಕರದ ಹಕ್ಕನ್ನು ಲಿಖಿತವಾಗಿ ಮಾನ್ಯಮಾಡಿದವರು ಒಬ್ಬ ಜಗದ್ಗುರುಗಳೆಂಬುದು ನಮ್ಮ ಕಾಲೇಜುಗಳ ಆಡಳಿತ ಕಚೇರಿಗಳಲ್ಲಿ ಅಷ್ಟಾಗಿ ಪ್ರಚಾರ ಪಡೆದ ಸಂಗತಿಯಲ್ಲ.

ಇಲ್ಲಿ ಗಮನಿಸಬೇಕಾದುದು ಆ ಹಕ್ಕು ಯಾರಿಗೆ ದೊರೆಯಿತೆಂಬುದು. ಅದು ಧೀರನಾದ ಒಬ್ಬ ಬೋಧಕನಿಗೆ ಮೆಚ್ಚಿಕೊಟ್ಟ ಉಂಬಳಿಯಾಗಿರದೆ ಬೋಧಕರ ಸಮುದಾಯಕ್ಕೆ ಸಂದ ಶಾಸನವಾಗಿತ್ತು. ಹಾಗೆಂದು ಆ ಯುಗವನ್ನು ಸ್ವರ್ಣಯುಗವೆಂದು ಚಿತ್ರಿಸಬೇಕಿಲ್ಲ. 1277ರ ಮಾರ್ಚ್ 7ರಂದು ಅದೇ ಪ್ಯಾರಿಸ್ಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೆ 219 ಪ್ರತಿಪಾದನೆಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ಮೂರು ವರ್ಷಗಳ ಹಿಂದೆ ತೀರಿಕೊಂಡಿದ್ದ ತೋಮಾಸ್ ಅಕ್ವಿನಾಸರ ವಿಚಾರಗಳಿಗೂ ತಗಲುತ್ತಿದ್ದವು. 1323ರಲ್ಲಿ ತೋಮಾಸರು ಸಂತಪದವಿಗೇರಿದರು. 1325ರಲ್ಲಿ ಪ್ಯಾರಿಸ್ಸಿನ ಮತ್ತೊಬ್ಬ ಧರ್ಮಾಧ್ಯಕ್ಷರು, ಅವರಿಗೆ ಸಂಬಂಧಿಸಿದಷ್ಟರಮಟ್ಟಿಗೆ, ಆ ಖಂಡನೆಯನ್ನು ಹಿಂತೆಗೆದುಕೊಂಡರು. ತಪ್ಪನ್ನು ತಿದ್ದಲು ನಲವತ್ತೆಂಟು ವರ್ಷ ಬೇಕಾಯಿತು. ಆದರೆ ತಿದ್ದಲು ಒಂದು ಸಂಸ್ಥೆಯಾದರೂ ಉಳಿದಿತ್ತು.

ಈ ಕಥೆ ಯೂರೋಪಿನದು, ನಮಗೇನು ಎಂದು ಕೇಳುವವರಿಗೆ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಹಾದಿ ತೋರಿಸಬೇಕಾಗುತ್ತದೆ. ಈ ಭಾಗದ ಹಳೆಯ ಕಥೋಲಿಕ ಗ್ರಾಮಗಳು ಹದಿನೇಳನೆಯ ಶತಮಾನದ ಮಧ್ಯದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನಿನ ಪರಂಪರೆಗೆ ಸೇರಿದವು. ಚಿನ್ನಮಿಯವರು ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಮದುರೆಯಲ್ಲಿ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ಮಾರ್ಗದಲ್ಲಿ ಸನ್ಯಾಸಿಯ ಉಡುಪು, ಸನ್ಯಾಸಿಯ ಆಹಾರಕ್ರಮಗಳನ್ನು ಕೈಗೊಂಡರು. ಜನಿವಾರ, ಜುಟ್ಟು, ಗಂಧಗಳು ವಿಗ್ರಹಾರಾಧನೆಯ ಗುರುತುಗಳೋ ಸಾಮಾಜಿಕ ಚಿಹ್ನೆಗಳೋ ಎಂಬ ಪ್ರಶ್ನೆ ಅಂದಿನ ದೈವಶಾಸ್ತ್ರದ ಅತ್ಯಂತ ಜೀವಂತ ಪ್ರಶ್ನೆಯಾಗಿತ್ತು. 1623ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ನೊಬಿಲಿಯವರ ಪರವಾಗಿ, ಎಚ್ಚರಿಕೆಯ ಷರತ್ತುಗಳೊಡನೆ, ತೀರ್ಪಿತ್ತರು. ಪುದುಚೇರಿಗೆ ಬಂದಿದ್ದ ಜಗದ್ಗುರುಗಳ ಪ್ರತಿನಿಧಿ ದೆ ತುರ್ನೋ 1704ರಲ್ಲಿ ಆ ಆಚರಣೆಗಳಲ್ಲಿ ಹಲವನ್ನು ನಿಷೇಧಿಸಿದರು. 1744ರಲ್ಲಿ ಹದಿನಾಲ್ಕನೆಯ ಬೆನೆದಿಕ್ತರು ಮದುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಅನ್ವಯಿಸುವ ಆಜ್ಞೆಯಿಂದ ಚರ್ಚೆಯನ್ನೇ ಮುಚ್ಚಿದರು. ಇಲ್ಲಿ ಸೇವೆಸಲ್ಲಿಸುವ ಪ್ರತಿಯೊಬ್ಬ ಗುರುವೂ ಆ ನಿಷೇಧಗಳನ್ನು ಪಾಲಿಸುವೆನೆಂದು ಪ್ರಮಾಣ ಮಾಡಬೇಕಾಯಿತು. ಆ ಪ್ರಮಾಣವನ್ನು ರದ್ದುಗೊಳಿಸಿದ್ದು 1940ರಲ್ಲಿ. ಸುಮಾರು ಎರಡು ಶತಮಾನಗಳ ಕಾಲ ಈ ಮಣ್ಣಿನ ಸಂಸ್ಕೃತಿ ಮತ್ತು ವಿಶ್ವಾಸಗಳ ಸಂಬಂಧವನ್ನು ಕುರಿತು ಹೊಸದಾಗಿ ಆಲೋಚಿಸುವುದು ನಮ್ಮವರಿಗೆ ಪ್ರಮಾಣಭಂಗಕ್ಕೆ ಹತ್ತಿರವಾದ ಕೆಲಸವಾಗಿತ್ತು. ಇಂದು ಸಂಸ್ಕೃತ್ಯೀಕರಣದ ವಿಷಯದಲ್ಲಿ ನಾವು ತೊದಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಇದೂ ಒಂದು ಎಂದು ನಾವು ಹೇಳದೆ ಇರಲಾರೆವು.

ಆದರೂ ಈ ಬೆನೆದಿಕ್ತರನ್ನು ವಿದ್ಯೆಯ ವೈರಿಯೆಂದು ತಳ್ಳಿಹಾಕುವಂತಿಲ್ಲ. ಪ್ರಾಸ್ಪೆರೊ ಲಾಂಬರ್ತೀನಿ ಎಂಬ ಹೆಸರಿನಿಂದ ಬೊಲೋನ್ಯದ ಮಹಾಧರ್ಮಾಧ್ಯಕ್ಷರಾಗಿದ್ದಾಗ ಅವರು ಭೌತವಿಜ್ಞಾನಿ ಲೌರಾ ಬಾಸಿಯೆಂಬ ಮಹಿಳೆ ಆ ವಿಶ್ವವಿದ್ಯಾನಿಲಯದ ಬೋಧಕಿಯಾಗಲು ಬೆಂಬಲವಾಗಿ ನಿಂತರು. ಸಂತಪದವಿಗೆ ಪರಿಗಣಿಸುವ ಪವಾಡಗಳನ್ನು ಹೇಗೆ ಪರೀಕ್ಷಿಸಬೇಕು, ಯಾವ ರೋಗ ತಾನಾಗಿ ವಾಸಿಯಾಗಬಲ್ಲದು, ಯಾವುದು ಆಗಲಾರದು ಎಂಬುದನ್ನು ವೈದ್ಯರ ಸಾಕ್ಷ್ಯದೊಡನೆ ವಿಚಾರಿಸುವ ಕ್ರಮವನ್ನು 1734ರಿಂದ 1738ರವರೆಗೆ ಪ್ರಕಟವಾದ ತಮ್ಮ ಬೃಹದ್ಗ್ರಂಥದಲ್ಲಿ ವ್ಯವಸ್ಥಿತಗೊಳಿಸಿದರು. ಪವಾಡದ ಪರೀಕ್ಷೆಗೆ ಕಟ್ಟುನಿಟ್ಟಿನ ವಿಚಾರಣೆಯನ್ನು ಕೇಳಿದ ವ್ಯಕ್ತಿಯೇ ಮೈಸೂರು ಸೀಮೆಯ ಆಚರಣೆಗಳ ವಿಚಾರಣೆಗೆ ಬಾಗಿಲು ಹಾಕಿದರು. ಈ ವೈರುಧ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇಪ್ಪತ್ತನೆಯ ಶತಮಾನಕ್ಕೆ ಬರೋಣ.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾನಿಲಯ ಈ ಸೀಮೆಯ ರೈತಮಕ್ಕಳಿಗೆ ಉನ್ನತ ಶಿಕ್ಷಣದ ಮೊದಲ ಬಾಗಿಲು. ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ಒಕ್ಕಲು ಮನೆತನದಲ್ಲಿ ಹುಟ್ಟಿದ ದೇ. ಜವರೇಗೌಡರು ಆ ಬಾಗಿಲಿನಿಂದ ಒಳಹೋಗಿ, ಕುವೆಂಪು ಅವರ ಶಿಷ್ಯರಾಗಿ, ಅಧ್ಯಾಪಕರಾಗಿ, 1969ರಿಂದ 1976ರವರೆಗೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಹಳ್ಳಿಯ ಹುಡುಗನೊಬ್ಬ ಕುಲಪತಿಯ ಪೀಠದವರೆಗೆ ನಡೆದು ಹೋಗಬಹುದೆಂಬುದನ್ನು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅವರು ಕುಲಪತಿಗಳಾಗುವ ವೇಳೆಗೆ ಅವರ ಹುಟ್ಟೂರಿನ ಸೀಮೆ ಇನ್ನೊಂದು ವ್ಯವಸ್ಥೆಗೆ ಸೇರಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳು ಅದರ ವ್ಯಾಪ್ತಿಗೆ ಬಂದವು.

ಸಂಯೋಜಿತ ಕಾಲೇಜೆಂಬ ವ್ಯವಸ್ಥೆಯ ಸ್ವರೂಪವನ್ನು ಇಲ್ಲಿ ಒಂದಿಷ್ಟು ವಿವರಿಸಬೇಕು, ಏಕೆಂದರೆ ಸ್ವಾತಂತ್ರ್ಯದ ಮಾತು ಬಂದಾಗ ಇದನ್ನು ಮರೆಯುತ್ತೇವೆ. ಏನನ್ನು ಕಲಿಸಬೇಕೆಂಬುದನ್ನು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಗೊತ್ತುಮಾಡುತ್ತದೆ. ಪ್ರಶ್ನೆಪತ್ರಿಕೆಯನ್ನು ಬೇರೊಬ್ಬರು ತಯಾರಿಸುತ್ತಾರೆ. ಉತ್ತರಪತ್ರಿಕೆಯನ್ನು ಮತ್ತೊಬ್ಬರು ತಿದ್ದುತ್ತಾರೆ. ಕನಕಪುರದ ಅಥವಾ ಮಾಗಡಿಯ ತರಗತಿಯಲ್ಲಿ ನಿಂತ ಅಧ್ಯಾಪಕರಿಗೆ ಉಳಿಯುವುದು ವಿವರಣೆ, ಉದಾಹರಣೆ, ವಿದ್ಯಾರ್ಥಿಯ ಪ್ರಶ್ನೆಗೆ ಕೊಡುವ ಉತ್ತರ. ಈ ಕಿರಿದಾದ ಜಾಗವೇ ಅವರ ಸ್ವಾತಂತ್ರ್ಯ. ಒಳ್ಳೆಯ ಅಧ್ಯಾಪಕರು ಅದರಲ್ಲಿ ಅದ್ಭುತಗಳನ್ನು ಸಾಧಿಸಿದ್ದಾರೆ. ಅದು ಕೂಡ ಮುಚ್ಚಿಹೋದರೆ ಉಳಿಯುವುದು ಉಕ್ತಲೇಖನ ಮಾತ್ರ.

ಬೆಂಗಳೂರು ವಿಶ್ವವಿದ್ಯಾನಿಲಯದ ಇತಿಹಾಸದಲ್ಲಿ ಈ ಸ್ವಾತಂತ್ರ್ಯದ ಅತ್ಯಂತ ದಿಟ್ಟ ಪ್ರಯೋಗ ನಡೆದದ್ದು ಡಾ. ಎಚ್. ನರಸಿಂಹಯ್ಯನವರ ಕಾಲದಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯ ಹುಡುಗ, ಬಸ್ಸಿಗೆ ಹಣವಿಲ್ಲದೆ ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿದವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು ಖಾದಿ ತೊಟ್ಟು, ಬ್ರಹ್ಮಚಾರಿಯಾಗಿ, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬದುಕಿದವರು. ಅವರ ಜೀವನಕ್ರಮ ನಮ್ಮ ಮಠವಾಸಿಗಳ ಬಡತನದ ವ್ರತವನ್ನು ನಾಚಿಸುವಂತಿತ್ತೆಂದರೆ ಅತಿಶಯೋಕ್ತಿಯಾಗದು. 1972ರಲ್ಲಿ ಅವರು ಕುಲಪತಿಗಳಾದರು. 1976ರಲ್ಲಿ, ತುರ್ತುಪರಿಸ್ಥಿತಿಯ ಮಧ್ಯದಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆಮಾಡಲು ವಿಶ್ವವಿದ್ಯಾನಿಲಯದ ವತಿಯಿಂದ ಒಂದು ಸಮಿತಿಯನ್ನು ತಮ್ಮ ಅಧ್ಯಕ್ಷತೆಯಲ್ಲಿ ರಚಿಸಿದರು. ಪತ್ರಿಕೆಗಳಿಗೆ ಬೇಲಿ ಬಿದ್ದಿದ್ದ ಆ ವರ್ಷದಲ್ಲಿ ಪ್ರಶ್ನೆ ಕೇಳುವುದಕ್ಕೆಂದೇ ಒಂದು ಸಮಿತಿ ಹುಟ್ಟಿತೆಂಬುದು ಗಮನಾರ್ಹ.

ಸಮಿತಿ ಶ್ರೀ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಯಂತ್ರಿತ ಸನ್ನಿವೇಶದಲ್ಲಿ ತಮ್ಮ ಪವಾಡಗಳನ್ನು ತೋರಿಸಬೇಕೆಂದು ಕೋರಿತು. ಒಂದಾದಮೇಲೊಂದರಂತೆ ಬರೆದ ಪತ್ರಗಳಿಗೆ ಒಪ್ಪಿಗೆ ಬರಲಿಲ್ಲ. ಇಂದ್ರಿಯಗಳಿಗೆ ನಿಲುಕುವುದಷ್ಟೇ ವಿಜ್ಞಾನದ ಕ್ಷೇತ್ರ, ಅಧ್ಯಾತ್ಮ ಅದನ್ನು ಮೀರಿದ್ದು, ಸಮಿತಿ ಕೇಳಿದ ರೀತಿಯೇ ಸರಿಯಲ್ಲ ಎಂಬುದು ಬಾಬಾ ಅವರು ಆಮೇಲೆ ಪತ್ರಿಕಾ ಸಂದರ್ಶನವೊಂದರಲ್ಲಿ ಹೇಳಿದುದರ ಸಾರ. ಅದೇ ವರ್ಷ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುವನೆಂದು ಹೆಸರಾಗಿದ್ದ ಒಬ್ಬ ಚಿಕ್ಕ ಹುಡುಗನನ್ನು ಸಮಿತಿ ಪರೀಕ್ಷಿಸಿ ಅದು ಕೈಚಳಕವೆಂದು ತೋರಿಸಿತು. ನಾಡಿನ ತುಂಬ ವಾದವೆದ್ದಿತು. ವಿಶ್ವವಿದ್ಯಾನಿಲಯಕ್ಕೆ ಈ ಉಸಾಬರಿ ಏಕೆ, ಜನರ ನಂಬಿಕೆಯನ್ನು ಅಳೆಯಲು ಇವರು ಯಾರು ಎಂದು ಕೇಳಿದವರಲ್ಲಿ ವಿದ್ಯಾವಂತರೂ ಇದ್ದರು.

ನಮ್ಮ ಯಾಜಕ ಬಂಧುಗಳಲ್ಲಿ ಹಲವರಿಗೆ ಈ ಪ್ರಶ್ನೆ ಸಹಜವಾಗಿ ಹಿಡಿಸುತ್ತದೆ. ನಂಬಿಕೆಯ ವಿಷಯಕ್ಕೆ ಭೌತವಿಜ್ಞಾನಿ ಬರಬಾರದೆಂಬ ಮಾತು ನಮ್ಮ ರಕ್ಷಣೆಗೂ ಒದಗುತ್ತದೆಂದು ಅನ್ನಿಸಬಹುದು. ಆದರೆ ಕಥೋಲಿಕ ಪರಂಪರೆಯ ದಾರಿ ಬೇರೆ. 1883ರಿಂದ ಲೂರ್ದಿನಲ್ಲಿ ವೈದ್ಯಕೀಯ ಕಚೇರಿಯೊಂದು ಗುಣವಾದವರೆಂದು ಹೇಳಿಕೊಂಡವರನ್ನು ಪರೀಕ್ಷಿಸುತ್ತ ಬಂದಿದೆ. ಹೇಳಿಕೊಂಡವರ ಸಂಖ್ಯೆ ಸಾವಿರಗಳಲ್ಲಿ, ಧರ್ಮಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು. ಲಾಂಬರ್ತೀನಿಯವರ ನಿಯಮಗಳ ಹಿಂದಿರುವ ತತ್ತ್ವ ಸರಳವಾದದ್ದು: ಸತ್ಯ ಒಂದೇ ಆಗಿರುವುದರಿಂದ ಪ್ರಾಮಾಣಿಕವಾದ ಪರೀಕ್ಷೆಗೆ ವಿಶ್ವಾಸ ಹೆದರಬೇಕಿಲ್ಲ. ನರಸಿಂಹಯ್ಯನವರು ನಿರೀಶ್ವರವಾದಕ್ಕೆ ಹತ್ತಿರವಾಗಿದ್ದವರು. ಆದರೂ ಅವರ ಸಮಿತಿಯ ಕ್ರಮ ಸಂತಪದವಿಯ ವಿಚಾರಣಾ ಮಂಡಳಿಯ ಕ್ರಮಕ್ಕೆ ಅಪರಿಚಿತವಾದುದಲ್ಲ. ಇಂದಿನ ನಮ್ಮ ಕೆಲವು ಗುಣಪಡಿಸುವ ಪ್ರಾರ್ಥನಾಕೂಟಗಳ ಸಾಕ್ಷ್ಯಗಳನ್ನು ಅಂತಹ ಸಮಿತಿಯೊಂದು ಕೇಳಿದ್ದರೆ ನಾವು ಏನು ಉತ್ತರ ಕೊಡುತ್ತಿದ್ದೆವು ಎಂದು ಯೋಚಿಸುವುದು ಕೆಟ್ಟ ಅಭ್ಯಾಸವೇನಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದುದು ಸಮಿತಿಯ ಅಂತ್ಯ. 1977ರಲ್ಲಿ ನರಸಿಂಹಯ್ಯನವರ ಅಧಿಕಾರಾವಧಿ ಮುಗಿಯಿತು. ಅದೇ ವರ್ಷ ಸಮಿತಿಯೂ ವಿಸರ್ಜನೆಗೊಂಡಿತು. ಅವರನ್ನು ಯಾರೂ ಸುಮ್ಮನಿರಿಸಲಾಗಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಪ್ರಶ್ನೆ ಕೇಳುತ್ತಲೇ ಇದ್ದರು. ಆದರೆ ವಿಶ್ವವಿದ್ಯಾನಿಲಯ ಆ ಪ್ರಶ್ನೆಯನ್ನು ತನ್ನದಾಗಿಸಿಕೊಳ್ಳಲಿಲ್ಲ. ಕುಲಪತಿಯ ಪೀಠದಲ್ಲಿ ಕುಳಿತ ವ್ಯಕ್ತಿಯ ಧೈರ್ಯ ಇದ್ದಷ್ಟು ದಿನ ಸಂಸ್ಥೆಯ ಧೈರ್ಯದಂತೆ ಕಂಡಿತು, ಅವರು ಎದ್ದುಹೋದಾಗ ಅವರ ಜೊತೆಗೇ ಹೋಯಿತು. 1231ರ ಶಾಸನ ಸಮುದಾಯಕ್ಕೆ ಕೊಟ್ಟದ್ದು ಯಾವುದೋ ಅದು ಇಲ್ಲಿ ಇರಲಿಲ್ಲ. ಅಧ್ಯಯನ ಮಂಡಳಿ, ಶಿಕ್ಷಣ ಮಂಡಳಿ, ಸೆನೆಟ್ಟುಗಳಿದ್ದವು. ಅವುಗಳಲ್ಲಿ ಯಾವುದೂ ಪ್ರಶ್ನಿಸುವ ಅಧ್ಯಾಪಕನಿಗೆ ಬೆನ್ನೆಲುಬಾಗಿ ನಿಲ್ಲುವಂತೆ ರೂಪಿತವಾಗಿರಲಿಲ್ಲ.

ಒಂಟಿಯಾಗಿ ನಿಂತ ವಿದ್ವಾಂಸನ ಗತಿಯೇನೆಂಬುದನ್ನು ಧಾರವಾಡ ತೋರಿಸಿತು. ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡಾ. ಎಂ. ಎಂ. ಕಲಬುರ್ಗಿಯವರು 'ಮಾರ್ಗ' ಸಂಪುಟದಲ್ಲಿ ಶರಣರ ಜೀವನಕ್ಕೆ ಸಂಬಂಧಿಸಿದ ಕೆಲವು ಸಂಶೋಧನ ಲೇಖನಗಳನ್ನು ಪ್ರಕಟಿಸಿದಾಗ ಪ್ರತಿಭಟನೆಯೆದ್ದು, 1989ರಲ್ಲಿ ಅವರು ಆ ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂಬ ಅರ್ಥದ ನೋವಿನ ಮಾತನ್ನು ಅವರೇ ಆಡಿದ್ದರು. ಮುಂದೆ ಅವರು ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಕುಲಪತಿಗಳಾದರು, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. 2015ರ ಆಗಸ್ಟ್ 30ರ ಬೆಳಗ್ಗೆ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಪೀಠ, ಪ್ರಶಸ್ತಿ, ವಯಸ್ಸು ಯಾವುದೂ ಅಡ್ಡ ಬರಲಿಲ್ಲ.

ಈಗ ಮತ್ತೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಕೊಲೆಗಡುಕರ ಭಯಕ್ಕಿಂತ ಮೆಲ್ಲಗೆ ಕೆಲಸ ಮಾಡುವ ಬೇರೆ ಸಂಗತಿಗಳಿವೆ. ಮೊದಲನೆಯದು ಪಾಠಕ್ರಮದ ಅಸ್ಥಿರತೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದ ಮೊದಲ ರಾಜ್ಯವೆಂಬ ಹೆಮ್ಮೆಯೊಡನೆ ಕರ್ನಾಟಕ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. ಸರ್ಕಾರ ಬದಲಾಗಿ, 2024ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ ಮೂರು ವರ್ಷಗಳ ಪದವಿಗೆ ಮರಳಿತು. ಎರಡೂ ನಿರ್ಧಾರಗಳಿಗೆ ಸಮರ್ಥಕರಿದ್ದಾರೆ, ಅವುಗಳ ಗುಣದೋಷ ವಿಚಾರ ಇಲ್ಲಿ ಬೇಡ. ಮೂರು ವರ್ಷಗಳಲ್ಲಿ ಎರಡು ಬಾರಿ ಹೊಸ ಪಠ್ಯವನ್ನು ಕೈಗೆತ್ತಿಕೊಂಡ ತಾಲ್ಲೂಕು ಕೇಂದ್ರದ ಅಧ್ಯಾಪಕರು ಎರಡು ಬಾರಿಯೂ ಆದೇಶವನ್ನು ಸ್ವೀಕರಿಸಿದವರು ಮಾತ್ರ.

ಎರಡನೆಯದು ಇನ್ನೂ ಆಳವಾದುದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಪಾಲನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಅತಿಥಿಯೆಂದರೆ ನಮ್ಮ ಭಾಷೆಯಲ್ಲಿ ತಿಥಿ ಗೊತ್ತುಮಾಡದೆ ಬಂದು, ಉಂಡು, ಹೋಗುವವನು. ಇವರು ಹದಿನೈದು ಇಪ್ಪತ್ತು ವರ್ಷಗಳಿಂದ ಬರುತ್ತಲೇ ಇರುವ ಅತಿಥಿಗಳು, ಅಡುಗೆಯ ಬಹುಭಾಗವನ್ನು ಮಾಡುವವರೂ ಇವರೇ. ಬಹುಕಾಲ ಅವರ ಗೌರವಧನ ತಿಂಗಳಿಗೆ 11,000ದಿಂದ 13,000 ರೂಪಾಯಿಗಳಷ್ಟಿತ್ತು. 2022ರ ಜನವರಿಯಲ್ಲಿ ಅದನ್ನು ಅರ್ಹತೆ ಮತ್ತು ಸೇವಾವಧಿಗಳಿಗೆ ಅನುಗುಣವಾಗಿ 26,000ದಿಂದ 32,000ಕ್ಕೆ ಏರಿಸಿದರು. ಜೊತೆಗೆ ವಾರದ ಬೋಧನಾ ಅವಧಿಯನ್ನು ಹದಿನೈದು ಗಂಟೆಗೆ ಹೆಚ್ಚಿಸಿದರು. ಒಬ್ಬರ ಕಾರ್ಯಭಾರ ಹೆಚ್ಚಿದರೆ ಇನ್ನೊಬ್ಬರ ಸ್ಥಾನ ಇಲ್ಲವಾಗುವುದು ಲೆಕ್ಕದ ಮಾತು. 2023ರ ನವೆಂಬರಿನಿಂದ ಸೇವಾ ಕಾಯಮಾತಿಗಾಗಿ ಅವರು ತರಗತಿಗಳನ್ನು ಬಹಿಷ್ಕರಿಸಿದರು, ಹೊಸವರ್ಷದ ಹೊತ್ತಿಗೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಗೌರವಧನ ಸ್ವಲ್ಪ ಹೆಚ್ಚಿತು, ಕಾಯಮಾತಿ ಆಗಲಿಲ್ಲ. ಹದಿನೈದು ದಿನಗಳ ಗಡುವಿಟ್ಟು ಪಾಠ ನಿಲ್ಲಿಸಿದ ಪ್ಯಾರಿಸ್ಸಿನ ಬೋಧಕರು ಒಂದು ಸಂಘಕಾಯದ ಸದಸ್ಯರಾಗಿದ್ದರು. ಇವರು ತಾವು ಬೋಧಿಸುವ ಸಂಸ್ಥೆಯ ಸದಸ್ಯರೇ ಅಲ್ಲ.

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ತನ್ನ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡಬೇಕಾದ ವ್ಯಕ್ತಿ ತರಗತಿಯಲ್ಲಿ ಹೇಗೆ ಮಾತನಾಡುತ್ತಾರೆ? ಅವರಿಗೆ ಯಾರೂ ಬಾಯಿ ಮುಚ್ಚೆಂದು ಹೇಳಬೇಕಿಲ್ಲ. ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲು, ಒಂದು ನಿಮಿಷದ ತುಣುಕು ಊರೆಲ್ಲ ಹರಿದಾಡುವ ಸಾಧ್ಯತೆ, ಸ್ಥಳೀಯ ಮುಖಂಡರ ಒಂದು ದೂರವಾಣಿ ಕರೆ, ಇಷ್ಟು ಸಾಕು. 2019ರ ಕೊನೆಯಲ್ಲಿ ಹಾರೋಬೆಲೆಯ ಕಪಾಲ ಬೆಟ್ಟದ ಮೇಲೆ ಯೇಸುಕ್ರಿಸ್ತರ ಪ್ರತಿಮೆಯ ಯೋಜನೆಗೆ ಅಡಿಗಲ್ಲು ಬಿದ್ದಾಗ, ಮರುತಿಂಗಳೇ ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಪ್ರತಿಭಟನೆ ನಡೆದಾಗ, ಎರಡೂ ಕಡೆಯ ಮಾತುಗಳನ್ನು ಪತ್ರಿಕೆಗಳು ತುಂಬಿದವು. ಅಂತಹ ಹೊತ್ತಿನಲ್ಲಿ ಹದಿನೇಳನೆಯ ಶತಮಾನದಿಂದ ಆ ಹಳ್ಳಿಗಳಲ್ಲಿ ಕ್ರೈಸ್ತರು ಹೇಗೆ ಬದುಕಿ ಬಂದರು, ಬೆಟ್ಟದ ದೈವಗಳನ್ನು ನಂಬಿದ ನೆರೆಹೊರೆಯವರೊಡನೆ ಹೇಗೆ ಹೊಂದಿಕೊಂಡು ಬಾಳಿದರು ಎಂಬುದನ್ನು, ಯಾರ ಪರವನ್ನೂ ವಹಿಸದೆ, ದಾಖಲೆಗಳ ಬಲದಿಂದ ಹೇಳಬಲ್ಲ ಇತಿಹಾಸದ ಅಧ್ಯಾಪಕರೊಬ್ಬರು ಬೇಕಿತ್ತು. ವರ್ಷದಿಂದ ವರ್ಷಕ್ಕೆ ನೇಮಕವಾಗುವವರಿಂದ ಆ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವೇ? ಆ ಇತಿಹಾಸ ನಮಗೆ ಅನುಕೂಲವಾದದ್ದನ್ನು ಮಾತ್ರ ಹೇಳುತ್ತಿತ್ತೆಂದೂ ನಾವು ಭಾವಿಸುವುದಿಲ್ಲ.

ಮೇಲಿನ ಹಂತದಲ್ಲಿ ಜಗಳ ಬೇರೆ ತೆರನಾದುದು. 2025ರ ಜನವರಿಯಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಪ್ರಕಟಿಸಿದ ಕರಡು ನಿಯಮಾವಳಿ ಕುಲಪತಿಗಳ ನೇಮಕದಲ್ಲಿ ಕುಲಾಧಿಪತಿಗಳಾದ ರಾಜ್ಯಪಾಲರ ಪಾತ್ರವನ್ನು ಹಿಗ್ಗಿಸಿ, ರಾಜ್ಯ ಸರ್ಕಾರಗಳ ಪಾತ್ರವನ್ನು ಕುಗ್ಗಿಸುವಂತಿತ್ತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಪ್ರತಿಭಟಿಸಿದವು. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಅದು ಗಂಭೀರವಾದ ಪ್ರಶ್ನೆ. ಆದರೆ ಕುಲಪತಿಗಳನ್ನು ರಾಜಭವನ ಆರಿಸಬೇಕೋ ವಿಧಾನಸೌಧ ಆರಿಸಬೇಕೋ ಎಂಬ ಆ ವಾದದಲ್ಲಿ ಅಧ್ಯಾಪಕ ಸಮುದಾಯದ ಹೆಸರು ಕೇಳಿಬಂದದ್ದು ಕಡಿಮೆ. ಇತ್ತ ಹಾರೋಹಳ್ಳಿ, ಜಕ್ಕಸಂದ್ರಗಳ ಕಡೆ ಖಾಸಗಿ ಮತ್ತು ಪರಿಭಾವಿತ ವಿಶ್ವವಿದ್ಯಾನಿಲಯಗಳ ವಿಶಾಲ ಆವರಣಗಳು ಎದ್ದಿವೆ. ಕೊನೆಗೂ ಈ ಸೀಮೆಗೆ ವಿಶ್ವವಿದ್ಯಾನಿಲಯ ಬಂದಿತು, ಬಂದದ್ದು ಶುಲ್ಕ ಕಟ್ಟಬಲ್ಲವರಿಗಾಗಿ.

ಸರ್ಕಾರವನ್ನೂ ಸಮಾಜವನ್ನೂ ದೂರುತ್ತ ನಾವು ಇಲ್ಲಿಗೆ ನಿಲ್ಲಿಸಿದರೆ ಅದು ಪ್ರಾಮಾಣಿಕತೆಯಾಗದು. ಕೇರಳದ ತೊಡುಪುಳದಲ್ಲಿರುವ ಕಥೋಲಿಕ ಸಂಸ್ಥೆ ನ್ಯೂಮನ್ ಕಾಲೇಜಿನ ಮಲಯಾಳಂ ಪ್ರಾಧ್ಯಾಪಕ ಟಿ. ಜೆ. ಜೋಸೆಫರ ಪ್ರಕರಣ ನಮ್ಮ ಗುರುವಿದ್ಯಾರ್ಥಿಗಳಿಗೆ ತಿಳಿದಿರಬೇಕು. 2010ರಲ್ಲಿ ಅವರು ತಯಾರಿಸಿದ ಒಂದು ಪ್ರಶ್ನೆ ಪ್ರವಾದಿಯವರ ನಿಂದನೆಯೆಂದು ಆಪಾದನೆ ಬಂದಿತು. ಆ ವರ್ಷ ಜುಲೈ 4ರ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಮರಳುತ್ತಿದ್ದಾಗ ಮತಾಂಧರ ಗುಂಪೊಂದು ಅವರ ಬಲಗೈಯನ್ನು ಕತ್ತರಿಸಿತು. ಅವರು ಆಸ್ಪತ್ರೆಯಿಂದ ಬಂದ ಮೇಲೆ, ಸೆಪ್ಟೆಂಬರಿನಲ್ಲಿ, ಕಾಲೇಜಿನ ಆಡಳಿತ ಅವರನ್ನು ಕೆಲಸದಿಂದ ವಜಾ ಮಾಡಿತು. 2013ರಲ್ಲಿ ನ್ಯಾಯಾಲಯ ಅವರ ಮೇಲಿನ ಆಪಾದನೆಯನ್ನು ಕೈಬಿಟ್ಟಿತು. 2014ರ ಮಾರ್ಚ್ ಕೊನೆಯಲ್ಲಿ, ನಿವೃತ್ತಿಗೆ ಮೂರು ದಿನ ಉಳಿದಿರುವಾಗ, ಅವರನ್ನು ಮತ್ತೆ ಸೇರಿಸಿಕೊಂಡರು. ಆಡಳಿತದವರ ಮುಂದೆ ಅಂದು ಊರಿನ ಶಾಂತಿಯ ಪ್ರಶ್ನೆ ಇತ್ತೆಂಬುದನ್ನು ನಾವು ಬಲ್ಲೆವು. ಆದರೂ ವಿಶ್ವವಿದ್ಯಾನಿಲಯದ ಪರಿಕಲ್ಪನೆಯನ್ನೇ ಕುರಿತು ಬರೆದ ಸಂತ ಜಾನ್ ಹೆನ್ರಿ ನ್ಯೂಮನ್ನರ ಹೆಸರು ಹೊತ್ತ ಕಾಲೇಜಿನಲ್ಲಿ, ಹಲ್ಲೆಗೊಳಗಾದ ಬೋಧಕನಿಗೆ ಎರಡನೆಯ ಪೆಟ್ಟು ಬಿದ್ದದ್ದು ನಮ್ಮವರ ಕೈಯಿಂದ.

ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದಕ್ಕೆ ಧಕ್ಕೆ ಬಂದಾಗ ನಾವು ನ್ಯಾಯಾಲಯದ ಮೆಟ್ಟಿಲು ಹತ್ತುತ್ತೇವೆ, ಹತ್ತಲೇಬೇಕು. ಆದರೆ ಆ ಹಕ್ಕು ರಕ್ಷಿಸುವುದು ಆಡಳಿತ ಮಂಡಳಿಯನ್ನು. ಮಂಡಳಿಯೊಳಗೆ ಅಧ್ಯಾಪಕರಿಗೆ ದೊರೆಯುವ ರಕ್ಷಣೆ ನಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು. ಧರ್ಮಸಭಾ ಕಾನೂನಿನ 218ನೆಯ ವಿಧಿ ಪವಿತ್ರ ವಿದ್ಯೆಗಳಲ್ಲಿ ತೊಡಗಿದವರಿಗೆ, ಬೋಧನಾಧಿಕಾರಕ್ಕೆ ಸಲ್ಲಬೇಕಾದ ವಿಧೇಯತೆಯೊಡನೆ, ನ್ಯಾಯಯುತವಾದ ಅನ್ವೇಷಣಾ ಸ್ವಾತಂತ್ರ್ಯವನ್ನು ಮಾನ್ಯಮಾಡುತ್ತದೆ. 1990ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕಥೋಲಿಕ ವಿಶ್ವವಿದ್ಯಾನಿಲಯಗಳಿಗೆ ಕೊಟ್ಟ ಪ್ರೇಷಿತ ಸಂವಿಧಾನವೂ ಸತ್ಯ ಮತ್ತು ಸಾಮಾನ್ಯ ಹಿತಗಳ ಚೌಕಟ್ಟಿನಲ್ಲಿ ಶೈಕ್ಷಣಿಕ ಸ್ವಾತಂತ್ರ್ಯವನ್ನು ಒಪ್ಪಿದೆ. ಇನ್ನು 1286ನೆಯ ವಿಧಿ ಧರ್ಮಸಭೆಯ ಆಸ್ತಿಯನ್ನು ನಿರ್ವಹಿಸುವವರಿಗೆ ಹೇಳುವ ಮಾತು ಬೇರೆ ಭಾಷೆಯಲ್ಲಿದೆ: ಕೆಲಸಗಾರರ ವಿಷಯದಲ್ಲಿ ನಾಗರಿಕ ಕಾನೂನನ್ನು ಪಾಲಿಸಬೇಕು, ಅವರಿಗೂ ಅವರ ಅವಲಂಬಿತರಿಗೂ ಸಾಕಾಗುವಷ್ಟು ನ್ಯಾಯವಾದ ಕೂಲಿಯನ್ನು ಕೊಡಬೇಕು.

ನಮ್ಮ ಗುರುಮಠಗಳಲ್ಲಿ 218ನೆಯ ವಿಧಿಯನ್ನು ಒಂದು ವರ್ಷದಲ್ಲಿ, 1286ನೆಯದನ್ನು ಇನ್ನೊಂದು ವರ್ಷದಲ್ಲಿ ಕಲಿಸುತ್ತೇವೆ; ಮೊದಲನೆಯದು ದೈವಶಾಸ್ತ್ರಜ್ಞರಿಗೆ, ಎರಡನೆಯದು ಲೆಕ್ಕಪತ್ರ ನೋಡುವವರಿಗೆ ಎಂಬಂತೆ. 1179ರ ಲಾತೆರಾನ್ ಪಿತೃಗಳು ಅವೆರಡನ್ನೂ ಒಂದೇ ವಿಧಿಯಲ್ಲಿ ಬರೆದಿದ್ದರು. ಈ ಪತ್ರಿಕೆಯನ್ನು ಓದುವ ಗುರುವಿದ್ಯಾರ್ಥಿಗಳಲ್ಲಿ ಕೆಲವರು ಇನ್ನು ಹತ್ತು ವರ್ಷಗಳಲ್ಲಿ ಕಾಲೇಜುಗಳ ಪ್ರಾಂಶುಪಾಲರೋ ವ್ಯವಸ್ಥಾಪಕರೋ ಆಗುತ್ತಾರೆ. ಮೇ ತಿಂಗಳ ಕೊನೆಯಲ್ಲಿ ಅವರ ಮೇಜಿನ ಮೇಲೆ ಬರುವ ಹನ್ನೊಂದು ತಿಂಗಳ ಗುತ್ತಿಗೆಯ ಕಾಗದಗಳಲ್ಲಿ ಗೌರವಧನದ ಅಂಕಿಯನ್ನು ತುಂಬುವ ಜಾಗ ಖಾಲಿ ಇರುತ್ತದೆ. ಅದನ್ನು ತುಂಬುವವರು ಅವರೇ.